ನೀರಿನೊಳಗಣ ಮೇಷ್ಟರಿಕೆ

(ನಮ್ಮ ವಾಚನಾಲಯದ ಮಳೆಗಾಲದ ಉಪನ್ಯಾಸಗಳಲ್ಲಿ ಓದಿದ ಭಾಷಣ)



ಈ ಭಾಷಣವನ್ನು ಓದುತ್ತಿರುವ ಕಂಠ ಒಂದೇ ಆದರೂ ಬರೆದವರು ಮೂವರು. ಭಟ್ಕಳದ ಕಡೆಯವರೊಬ್ಬರು, ಧಾರವಾಡದವರೊಬ್ಬರು, ಡೊಂಬಿವಲಿಯಲ್ಲಿಯೇ ಹುಟ್ಟಿ ಬೆಳೆದ ಸೋದರಿಯೊಬ್ಬರು. ನಾವು ಮೂವರೂ ಸಮುದ್ರದ ನೀರಿನೊಳಗೆ ಮುಳುಗುವುದನ್ನು ಇತರರಿಗೆ ಕಲಿಸಿ ಹೊಟ್ಟೆ ಹೊರೆಯುವವರು. ಆದುದರಿಂದಲೇ ‘ನಾನು’ ಎನ್ನುವ ಬದಲು ‘ನಾವು’ ಎಂದು ಮಾತನಾಡುತ್ತಿದ್ದೇವೆ. ದೊಡ್ಡಸ್ತಿಕೆಗಾಗಿ ಎಂದು ಯಾರೂ ಭಾವಿಸಬಾರದು. ಮಳೆಗಾಲದಲ್ಲಿ ಪಶ್ಚಿಮ ಕರಾವಳಿಯ ಸಮುದ್ರ ನಮ್ಮನ್ನು ಹತ್ತಿರ ಸೇರಿಸುವುದಿಲ್ಲ. ಆ ನಾಲ್ಕು ತಿಂಗಳು ಮುಂಬಯಿಯಲ್ಲಿದ್ದು ಈ ವಾಚನಾಲಯದ ಪತ್ರಿಕೆಗಳನ್ನು ಪುಕ್ಕಟೆಯಾಗಿ ಓದುತ್ತೇವೆ. ಆ ಋಣವನ್ನು ಒಂದು ಭಾಷಣದಿಂದ ತೀರಿಸಿರಿ ಎಂದು ಕಾರ್ಯದರ್ಶಿಗಳು ಹೇಳಿದಾಗ ಒಲ್ಲೆವೆನ್ನಲಾಗಲಿಲ್ಲ.

ವಿಷಯವನ್ನು ಆರಿಸಿಕೊಟ್ಟವರು ನಮ್ಮ ಸದಸ್ಯರಾದ ಹಿರಿಯರೊಬ್ಬರು. ಜೂನ್ ತಿಂಗಳ ಒಂದು ಸಂಜೆ ಕೆಳಗೆ ಮೆಟ್ಟಿಲ ಬಳಿ ಕೊಡೆ ಒದರುತ್ತ ನಿಂತಿದ್ದಾಗ ಅವರು ನಮ್ಮನ್ನು ತಡೆದು ಕೇಳಿದರು: “ಏನಪ್ಪ, ನಮ್ಮ ಹುಡುಗ ಬ್ಯಾಂಕಿನ ಕೆಲಸ ಬಿಟ್ಟು ನಿಮ್ಮ ಕಸುಬಿಗೆ ಬರುತ್ತೇನೆ ಎನ್ನುತ್ತಾನೆ. ಮುಳುಗುವುದಕ್ಕೂ ಒಬ್ಬ ಮೇಷ್ಟರು ಬೇಕೆ? ಮನೆ ಮುಳುಗಿಸುವುದನ್ನು ಜನ ತಾವಾಗಿಯೇ ಕಲಿಯುತ್ತಾರಲ್ಲ!” ನಾವು ನಕ್ಕೆವು. ಅವರು ನಗಲಿಲ್ಲ. ಹುಡುಗನ ತಾಯಿ ಮೂರು ದಿನಗಳಿಂದ ಸರಿಯಾಗಿ ಉಂಡಿಲ್ಲವೆಂದು ಆಮೇಲೆ ತಿಳಿಯಿತು. ಇಂದಿನ ಮಾತುಗಳು ಮೊದಲು ಆ ತಾಯಿಗೆ, ಅನಂತರ ಆ ಹುಡುಗನಿಗೆ. ಉಳಿದವರು ಕೇಳಿದರೆ ನಮಗೆ ಸಂತೋಷ.

ಮೊದಲು ಹೆಸರಿನ ವಿಚಾರ. ‘ಸ್ಕೂಬಾ’ ಎಂಬುದು ಊರಿನ ಹೆಸರೂ ಅಲ್ಲ, ಮೀನಿನ ಹೆಸರೂ ಅಲ್ಲ. ‘ಬೇಕಾದುದನ್ನೆಲ್ಲ ತನ್ನಲ್ಲಿಯೇ ಇಟ್ಟುಕೊಂಡಿರುವ, ನೀರಿನ ಕೆಳಗೆ ಉಸಿರಾಡುವ ಉಪಕರಣ’ ಎಂಬ ಅರ್ಥ ಕೊಡುವ ಇಂಗ್ಲಿಷ್ ಮಾತುಗಳ ಮೊದಲ ಅಕ್ಷರಗಳನ್ನು ಪೋಣಿಸಿ ಮಾಡಿದ ಪದ ಅದು. ಬೆನ್ನಿಗೆ ಗಾಳಿ ತುಂಬಿದ ಸಿಲಿಂಡರು. ಬಾಯಿಗೆ ಅಳತೆಯರಿತು ಗಾಳಿ ಕೊಡುವ ರೆಗ್ಯುಲೇಟರು. ನಡುನೀರಿನಲ್ಲಿ ಮೇಲಕ್ಕೂ ಹೋಗದಂತೆ ಕೆಳಕ್ಕೂ ಜಾರದಂತೆ ನಿಲ್ಲಿಸುವ ಗಾಳಿಚೀಲದ ಅಂಗಿ. ಕಣ್ಣು ಮೂಗುಗಳಿಗೆ ಗಾಜಿನ ಮುಖವಾಡ. ಕಾಲಿಗೆ ಬಾತುಕೋಳಿಯ ಪಾದದಂಥ ರಬ್ಬರಿನ ರೆಕ್ಕೆ. ಸಿಲಿಂಡರಿನಲ್ಲಿ ಆಮ್ಲಜನಕವಿರುತ್ತದೆ ಎಂದು ಪತ್ರಿಕೆಗಳಲ್ಲಿ ಆಗಾಗ ಬರೆಯುವುದುಂಟು. ಅದು ತಪ್ಪು. ಈ ಕೋಣೆಯಲ್ಲಿ ನಾವೆಲ್ಲ ಉಸಿರಾಡುತ್ತಿರುವ ಗಾಳಿಯನ್ನೇ ಸೋಸಿ, ಒಣಗಿಸಿ, ಸುಮಾರು 200 ಪಟ್ಟು ಒತ್ತಿ ಅದರಲ್ಲಿ ತುಂಬಿರುತ್ತಾರೆ. ಶುದ್ಧ ಆಮ್ಲಜನಕವನ್ನು ಆರೇಳು ಮೀಟರಿಗಿಂತ ಆಳದಲ್ಲಿ ಸೇವಿಸಿದರೆ ಅದೇ ವಿಷವಾಗಿ ಸೆಳೆವು ಬರುವ ಭಯವಿದೆ.

ಇನ್ನೊಂದು ತಪ್ಪು ತಿಳಿವಳಿಕೆಯೂ ಇದೆ. ಅದು ಮುಂಬಯಿಯವರಲ್ಲಿ ಹೆಚ್ಚು. ನಮ್ಮ ಕಸುಬಿನ ಹೆಸರು ಹೇಳಿದೊಡನೆ “ಓಹೋ, ಬಾಂಬೆ ಹೈಯಲ್ಲಿ ಕೆಲಸವೋ?” ಎನ್ನುತ್ತಾರೆ. 1974ರಲ್ಲಿ ಅಲ್ಲಿ ಎಣ್ಣೆ ಸಿಕ್ಕ ಮೇಲೆ ಸಮುದ್ರದ ತಳದಲ್ಲಿ ಕೊಳವೆ ಜೋಡಿಸುವ, ಬೆಸುಗೆ ಹಾಕುವ, ಕಂಬ ಪರೀಕ್ಷಿಸುವ ಮುಳುಗುಗಾರರಿಗೆ ಬೇಡಿಕೆ ಬಂದದ್ದು ನಿಜ. ಆದರೆ ಆ ಕಸುಬು ಬೇರೆ, ಅದರ ಶಾಲೆ ಬೇರೆ, ಸಂಬಳವೂ ಬೇರೆ. ಅವರಿಗೆ ಹಡಗಿನಿಂದ ಕೊಳವೆಯ ಮೂಲಕ ಗಾಳಿ ಬರುತ್ತದೆ. ಅವರದು ಕಬ್ಬಿಣದೊಡನೆ ವ್ಯವಹಾರ, ನಮ್ಮದು ಮನುಷ್ಯರೊಡನೆ. ಯಾವುದು ಹೆಚ್ಚು ಕಷ್ಟ ಎಂಬುದನ್ನು ಮೇಷ್ಟರಿಕೆ ಮಾಡಿದ ಯಾರನ್ನು ಬೇಕಾದರೂ ಕೇಳಿ ತಿಳಿದುಕೊಳ್ಳಬಹುದು.

ಮುಳುಗುವುದಕ್ಕೆ ಮೇಷ್ಟರು ಏಕೆ ಬೇಕಾದರು ಎಂಬುದಕ್ಕೆ ಸ್ವಲ್ಪ ಹಿಂದಕ್ಕೆ ಹೋಗಬೇಕು. 1943ರಲ್ಲಿ, ಎರಡನೆಯ ಮಹಾಯುದ್ಧದ ನಡುವೆ, ಫ್ರಾನ್ಸಿನ ನೌಕಾದಳದ ಅಧಿಕಾರಿ ಜಾಕ್ ಕುಸ್ತೋ ಮತ್ತು ಎಂಜಿನಿಯರ್ ಎಮಿಲ್ ಗಾನ್ಯಾಂ ಎಂಬಿಬ್ಬರು ಈ ಉಪಕರಣವನ್ನು ಇಂದಿನ ರೂಪಕ್ಕೆ ತಂದರು. ಆಗ ಅಲ್ಲಿ ಪೆಟ್ರೋಲಿಗೆ ಬರ. ಮೋಟಾರುಗಳನ್ನು ಅನಿಲದಿಂದ ಓಡಿಸುವುದಕ್ಕೆಂದು ಗಾನ್ಯಾಂ ಒಂದು ಕವಾಟವನ್ನು ಮಾಡಿಟ್ಟಿದ್ದನು. ಎಂಜಿನು ಎಳೆದಷ್ಟನ್ನು ಕೊಟ್ಟು, ಎಳೆಯದಿದ್ದಾಗ ಸುಮ್ಮನಿರುವುದು ಅದರ ಗುಣ. ಎಂಜಿನಿನ ಜಾಗದಲ್ಲಿ ಮನುಷ್ಯನ ಎದೆಯನ್ನು ಇಟ್ಟು ನೋಡಿದರು, ಕೆಲಸ ಕೂಡಿತು. ಯುದ್ಧ ಮುಗಿದ ಮೇಲೆ ಇದು ಅಂಗಡಿಗೆ ಬಂದಿತು. ಹಣವಿದ್ದವರು ಕೊಂಡರು, ಬೆನ್ನಿಗೆ ಕಟ್ಟಿಕೊಂಡರು, ನೀರಿಗೆ ಬಿದ್ದರು. ಉಪಕರಣ ಸುಲಭವಾದದ್ದೇ ಅಪಾಯಕ್ಕೆ ಮೂಲವಾಯಿತು. ಕೊಂಡವನಿಗೆ ಈಜು ಬರುತ್ತಿತ್ತು, ಉಸಿರಾಡುವುದು ಬರುತ್ತಿರಲಿಲ್ಲ.

ಉಸಿರಾಡಲು ಯಾರಿಗೆ ಬರುವುದಿಲ್ಲ ಎನ್ನುವಿರಿ. ಇಲ್ಲಿಯೇ ನಮ್ಮ ವಿದ್ಯೆಯ ಗುಟ್ಟು ಇದೆ. ಪ್ರತಿ 10 ಮೀಟರು ಆಳಕ್ಕೆ ನೀರಿನ ಒತ್ತಡ ಒಂದು ವಾಯುಮಂಡಲದಷ್ಟು ಏರುತ್ತದೆ. 10 ಮೀಟರಿನಲ್ಲಿ ಎದೆ ತುಂಬ ಗಾಳಿ ಎಳೆದುಕೊಂಡು, ಉಸಿರು ಬಿಗಿಹಿಡಿದು, ಹೆದರಿ ಮೇಲಕ್ಕೆ ಚಿಮ್ಮಿದನೆನ್ನಿ. ಮೇಲೆ ಬರುವಷ್ಟರಲ್ಲಿ ಆ ಗಾಳಿ ಎರಡರಷ್ಟಾಗಲು ಹವಣಿಸುತ್ತದೆ. ಎದೆಯೇನು ರಬ್ಬರಿನ ಚೀಲವೆ? ಪುಪ್ಪುಸ ಹರಿದು ಗಾಳಿಯ ಗುಳ್ಳೆ ರಕ್ತಕ್ಕೆ ಸೇರಿ ಮೆದುಳಿಗೆ ಹೋಗಬಹುದು. ಇದಕ್ಕೆ ಸಮುದ್ರವೇ ಬೇಕೆಂದಿಲ್ಲ, ಈಜುಕೊಳದ ಆಳವೂ ಸಾಕು. ಆದುದರಿಂದ ಜಗತ್ತಿನ ಯಾವ ಮೂಲೆಯಲ್ಲಾದರೂ ನಮ್ಮ ಕಸುಬಿನ ಮೊದಲ ಪಾಠ ಒಂದೇ: ಉಸಿರು ಹಿಡಿಯಬೇಡಿ. ಕನ್ನಡಿಗರಿಗೆ ಇದನ್ನು ಹೇಳುವಾಗ ನಮಗೆ ಒಂದು ತೊಡಕು. ನಮ್ಮ ಭಾಷೆಯಲ್ಲಿ ಕಷ್ಟ ಬಂದಾಗಲೆಲ್ಲ ಉಸಿರು ಬಿಗಿಹಿಡಿಯುತ್ತೇವೆ. ಆಟ ನೋಡುವಾಗಲೂ ಪರೀಕ್ಷೆಯ ಫಲಿತಾಂಶ ಕಾಯುವಾಗಲೂ ಅದೇ. ಬಾವಿಯಲ್ಲಿ ಸೋರೆಬುರುಡೆ ಕಟ್ಟಿಕೊಂಡು ಈಜು ಕಲಿತವರಿಗಂತೂ ನೀರೊಳಗೆ ಮೂಗು ಮುಳುಗಿದೊಡನೆ ಉಸಿರು ತಾನಾಗಿಯೇ ನಿಲ್ಲುತ್ತದೆ. ಹುಟ್ಟುಗುಣವನ್ನು ಅರ್ಧ ಗಂಟೆಯಲ್ಲಿ ಬಿಡಿಸಬೇಕು. ನಮ್ಮ ಸಂಬಳ ಇದಕ್ಕೇ.

ಆ ಮೇಷ್ಟರಿಕೆಗೆ ಒಂದು ಕಟ್ಟುಪಾಡು ಬಂದದ್ದು ನಿಧಾನವಾಗಿ. 1953ರಲ್ಲಿ ಬ್ರಿಟನ್ನಿನಲ್ಲಿ ಒಂದು ಕ್ಲಬ್ಬು ಹುಟ್ಟಿತು. 1960ರಲ್ಲಿ ಅಮೆರಿಕದ ಹ್ಯೂಸ್ಟನ್ ನಗರದಲ್ಲಿ ‘ನಾವಿ’ ಎಂಬ ಸಂಸ್ಥೆ ಶಿಕ್ಷಕರನ್ನೇ ಪರೀಕ್ಷಿಸಿ ಆರಿಸುವ ತರಗತಿ ನಡೆಸಿತು. 1966ರಲ್ಲಿ ಉಪಕರಣಗಳ ಮಾರಾಟಗಾರ ಜಾನ್ ಕ್ರೋನಿನ್ ಮತ್ತು ಈಜಿನ ಶಿಕ್ಷಕ ರಾಲ್ಫ್ ಎರಿಕ್ಸನ್ ಸೇರಿ ‘ಪ್ಯಾಡಿ’ಯನ್ನು ಸ್ಥಾಪಿಸಿದರು, ಕೈಯಲ್ಲಿದ್ದ ಬಂಡವಾಳ 30 ಡಾಲರು ಎಂದು ಆ ಸಂಸ್ಥೆಯೇ ಹೇಳಿಕೊಳ್ಳುತ್ತದೆ. ನಮ್ಮ ದೇಶದಲ್ಲಿ ಇಂದು ಹೆಚ್ಚಾಗಿ ಕೇಳಿಬರುವ ಹೆಸರು ಅದೇ. ಜೊತೆಗೆ 1970ರಲ್ಲಿ ಹುಟ್ಟಿದ ಎಸ್‌ಎಸ್‌ಐ. ಯಾವುದು ಮೇಲು ಎಂದು ಹುಡುಗರು ನಮ್ಮನ್ನು ಕೇಳುತ್ತಾರೆ. ಸಂಸ್ಥೆಯನ್ನು ನೋಡಬೇಡಿ, ಕಲಿಸುವವನನ್ನು ನೋಡಿ ಎಂಬುದೇ ನಮ್ಮ ಉತ್ತರ.

ಮೆಟ್ಟಿಲುಗಳ ವಿಚಾರ ಹೇಳದಿದ್ದರೆ ಆ ಹುಡುಗ ನಮ್ಮನ್ನು ಬಿಡುವುದಿಲ್ಲ. ಪ್ಯಾಡಿಯ ಲೆಕ್ಕ ಹೇಳುತ್ತೇವೆ, ಉಳಿದವರದೂ ಹೆಚ್ಚು ಕಡಿಮೆ ಹಾಗೆಯೇ. ಮೊದಲನೆಯದು ‘ಓಪನ್ ವಾಟರ್’: 200 ಮೀಟರು ನಿಲ್ಲದೆ ಈಜಬೇಕು, ಹತ್ತು ನಿಮಿಷ ತೇಲಬೇಕು, ಪಾಸಾದವನು 18 ಮೀಟರು ಆಳದವರೆಗೆ ಜೊತೆಗಾರನೊಡನೆ ಇಳಿಯಬಹುದು. ಎರಡನೆಯದರಲ್ಲಿ 30 ಮೀಟರು. ಮೂರನೆಯದು ಇತರರನ್ನು ಕಾಪಾಡುವ ಪಾಠ; ನಮ್ಮ ಮಟ್ಟಿಗೆ ಮನುಷ್ಯ ಮುಳುಗುಗಾರನಾಗುವುದು ಇಲ್ಲಿ, ಅಲ್ಲಿಯವರೆಗೆ ಅವನು ಪ್ರವಾಸಿ. ಬಳಿಕ ‘ಡೈವ್ ಮಾಸ್ಟರ್’. ಹದಿನೆಂಟು ವರ್ಷ ತುಂಬಿರಬೇಕು. 40 ಸಲ ಮುಳುಗಿದವನು ತರಗತಿಗೆ ಸೇರಬಹುದು, ಮುಗಿಸುವ ಹೊತ್ತಿಗೆ 60 ಆಗಿರಬೇಕು. ಇಲ್ಲಿ ಒಂದು ಪರೀಕ್ಷೆಯಿದೆ. ಇಬ್ಬರು ನೀರಿನ ತಳದಲ್ಲಿ ಒಂದೇ ಬಾಯಿಕೊಳವೆಯಿಂದ ಸರದಿಯಂತೆ ಉಸಿರಾಡುತ್ತ, ಮೈಮೇಲಿನ ಉಪಕರಣಗಳನ್ನೆಲ್ಲ ಬಿಚ್ಚಿ ಒಬ್ಬರದನ್ನು ಒಬ್ಬರು ತೊಡಬೇಕು. ಗಾಬರಿಯಾದವನ ಮುಖವಾಡ ಕಳಚುವುದಕ್ಕೆ ಮುಂಚೆ ಅವನ ಗುಣ ಕಳಚಿ ಕಾಣುತ್ತದೆ. ಅಲ್ಲಿಂದ ಮೇಲೆ ಶಿಕ್ಷಕರ ತರಗತಿ. ಮೊದಲ ಸರ್ಟಿಫಿಕೇಟು ಪಡೆದು ಆರು ತಿಂಗಳಾಗಿರಬೇಕು. ಪರೀಕ್ಷೆಗೆ ಕೂಡುವ ಹೊತ್ತಿಗೆ 100 ಡೈವ್‌ಗಳ ಲೆಕ್ಕ ಪುಸ್ತಕದಲ್ಲಿರಬೇಕು. ಪ್ರಥಮ ಚಿಕಿತ್ಸೆ ಕಲಿಸುವ ಅರ್ಹತೆಯೂ ವೈದ್ಯರ ಸಹಿಯೂ ಬೇಕು. ಪಾಠ ಹೇಳಿದವನು ಪರೀಕ್ಷೆ ಮಾಡುವಂತಿಲ್ಲ. ಸಂಸ್ಥೆಯೇ ಹೊರಗಿನ ಪರೀಕ್ಷಕನನ್ನು ಕಳುಹಿಸುತ್ತದೆ. ನಮ್ಮ ವಿಶ್ವವಿದ್ಯಾಲಯಗಳೆಲ್ಲ ಇದನ್ನು ನೋಡಿ ಕಲಿಯಬಾರದೆ ಎಂದು ಆಗಾಗ ಅನಿಸುತ್ತದೆ.

ನೂರು ಎಂದರೆ ದೊಡ್ಡ ಸಂಖ್ಯೆಯೆಂದು ಕಾಣುತ್ತದೆ. ಆದರೆ ದಿನಕ್ಕೆ ಮೂರು ಸಲ ಮುಳುಗಿದರೆ ನೂರಕ್ಕೆ ಎಷ್ಟು ದಿನ ಬೇಕು ಲೆಕ್ಕ ಹಾಕಿರಿ. ಅದಕ್ಕೇ ‘ಏನೂ ಅರಿಯದವನನ್ನು ಆರು ತಿಂಗಳಲ್ಲಿ ಶಿಕ್ಷಕನನ್ನಾಗಿ ಮಾಡುತ್ತೇವೆ’ ಎಂಬ ಜಾಹೀರಾತುಗಳು ಹೊರಟಿವೆ. ಕಟ್ಟಳೆಯ ಪ್ರಕಾರ ಅದರಲ್ಲಿ ತಪ್ಪಿಲ್ಲ. ಆದರೆ ಶಾಂತವಾದ ಒಂದೇ ಕೊಲ್ಲಿಯಲ್ಲಿ ನೂರು ಸಲ ಮುಳುಗಿದವನು ಒಂದು ಡೈವ್‌ನ್ನು ನೂರು ಸಲ ಮಾಡಿದ್ದಾನೆ, ಅಷ್ಟೆ. ಸೆಳೆತವಿರುವ ನೀರು, ಕೈ ಚಾಚಿದರೆ ಕೈಯೇ ಕಾಣದ ಕದಡಿದ ನೀರು, ತಣ್ಣೀರು, ರಾತ್ರಿಯ ನೀರು ಇವುಗಳನ್ನೆಲ್ಲ ಕಂಡಿರದವನು ಇನ್ನೊಬ್ಬರ ಮಗಳ ಕೈ ಹಿಡಿದು ಕೆಳಗಿಳಿಯುವುದು, ಲೈಸೆನ್ಸು ಸಿಕ್ಕ ಮರುದಿನವೇ ಮೋಟಾರು ಕಲಿಸುವ ಶಾಲೆ ತೆರೆದಂತೆ. ಇನ್ನು ಹಣ: ಮೊದಲ ಮೆಟ್ಟಿಲಿನಿಂದ ಕೊನೆಯದರವರೆಗೆ ನಾವು ಒಬ್ಬೊಬ್ಬರೂ ಸುರಿದದ್ದು ಒಂದು ಸಣ್ಣ ಕಾರಿನ ಬೆಲೆಯಷ್ಟು. ಒಬ್ಬರ ತಾಯಿಯ ಬಳೆಗಳು ಅದರಲ್ಲಿ ಹೋದವು. ಬಳೆಗಳನ್ನು ಬಿಡಿಸಿ ತರಲು ಮೂರು ವರ್ಷ ಹಿಡಿಯಿತು.

ಕೆಲಸ ಸಿಕ್ಕ ಮೇಲೆ ದಿನವೆಲ್ಲ ಹವಳ ನೋಡುತ್ತ ತೇಲುವುದೆಂದು ಹುಡುಗರ ಎಣಿಕೆ. 2011ರಲ್ಲಿ ಬಂದ ‘ಜಿಂದಗಿ ನ ಮಿಲೇಗಿ ದೊಬಾರಾ’ ಹಿಂದೀ ಚಿತ್ರದ ನಾಯಕಿ ನಮ್ಮ ಕಸುಬಿನವಳು. ಅದನ್ನು ನೋಡಿಯೇ ಈ ದಾರಿ ಹಿಡಿದೆವೆನ್ನುವವರನ್ನು ಬಹಳ ಮಂದಿಯನ್ನು ಕಂಡಿದ್ದೇವೆ. ಅವಳು ಸಿಲಿಂಡರು ಹೊತ್ತು ಬೆನ್ನು ನೋವು ಎಂದು ಮಲಗಿದ್ದನ್ನು ಆ ಚಿತ್ರದಲ್ಲಿ ತೋರಿಸಿಲ್ಲ. ಬರಿ ಸಿಲಿಂಡರಿನ ತೂಕವೇ ಸುಮಾರು 14 ಕಿಲೋ. ಬೆಳಿಗ್ಗೆ ಆರಕ್ಕೆ ಅವನ್ನು ದೋಣಿಗೆ ಏರಿಸಬೇಕು, ಸಂಜೆ ಇಳಿಸಬೇಕು. ಗಾಳಿ ತುಂಬುವ ಯಂತ್ರದ ಬಾಯಿ ಅದರ ಹೊಗೆಯ ಕಡೆಗೆ ತಿರುಗಿಲ್ಲವೆಂದು ನೋಡಬೇಕು. ತೊಟ್ಟ ಅಂಗಿಗಳನ್ನೆಲ್ಲ ಸಿಹಿನೀರಿನಲ್ಲಿ ಜಾಲಿಸಿ ಒಣಹಾಕಬೇಕು. ಹತ್ತು ಜನ ತೊಟ್ಟ ರಬ್ಬರಿನ ಅಂಗಿಯ ವಾಸನೆಯನ್ನು ಈ ಸಭೆಯಲ್ಲಿ ವರ್ಣಿಸುವುದು ಬೇಡ. ಕಿವಿ ಸೋರುತ್ತದೆ. ನೆಗಡಿ ಬಂದರೆ ಕೆಲಸವಿಲ್ಲ, ಏಕೆಂದರೆ ನೆಗಡಿಯಾದ ಕಿವಿ ಒತ್ತಡವನ್ನು ಸರಿದೂಗಿಸಲಾರದು. ಇಷ್ಟಾದ ಮೇಲೆ ದಿನಕ್ಕೆ ಎರಡು ಮೂರು ಗಂಟೆ ಕೆಳಗಿರುತ್ತೇವೆ. ಆಗಲೂ ನಾವು ಮೀನನ್ನು ನೋಡುವುದಿಲ್ಲ, ಶಿಷ್ಯನ ಕಣ್ಣುಗಳನ್ನು ನೋಡುತ್ತಿರುತ್ತೇವೆ.

ಕೆಳಗೆ ಮಾತಿಲ್ಲ, ಕೈಸನ್ನೆ ಮಾತ್ರ. ಹೆಬ್ಬೆಟ್ಟು ಮೇಲೆತ್ತಿದರೆ ‘ಮೇಲೆ ಹೋಗೋಣ’ ಎಂದರ್ಥ. ‘ಚೆನ್ನಾಗಿದೆ’ ಎನ್ನಲು ಹೆಬ್ಬೆಟ್ಟು ತೋರುಬೆರಳುಗಳನ್ನು ಉಂಗುರ ಮಾಡಿ ತೋರಿಸಬೇಕು. ಬಂದವರು ಇದನ್ನು ದೋಣಿಯಲ್ಲಿ ಒಪ್ಪಿಸಿ, ಕೆಳಗೆ ಹೋಗಿ ಮೊದಲ ಮೀನು ಕಂಡೊಡನೆ ಸಂತೋಷದಿಂದ ಹೆಬ್ಬೆಟ್ಟು ಎತ್ತುತ್ತಾರೆ. ನಾವು ಮೇಲಕ್ಕೆ ತರುತ್ತೇವೆ. ಹಣ ಕೊಟ್ಟವರು ಮೇಲೆ ಬಂದು ಜಗಳವಾಡುತ್ತಾರೆ. ಆದರೂ ಎತ್ತಿದ ಹೆಬ್ಬೆಟ್ಟನ್ನು ‘ತಪ್ಪಿ ಎತ್ತಿರಬೇಕು’ ಎಂದು ಊಹಿಸುವ ಅಧಿಕಾರ ನಮಗಿಲ್ಲ.

ಈಗ ಹೇಳಬೇಕೋ ಬೇಡವೋ ಎಂದು ನಾವು ಮೂವರೂ ಚರ್ಚಿಸಿದ ಒಂದು ಸಂಗತಿ. ಹೇಳದೆ ಹೋದರೆ ಆ ತಾಯಿಗೆ ಮೋಸ ಮಾಡಿದಂತಾದೀತು.

ಸರ್ಟಿಫಿಕೇಟಿನ ಗೊಡವೆಯಿಲ್ಲದೆ ಒಂದೇ ಒಂದು ಸಲ ನೀರಿನ ಕೆಳಗೆ ಹೋಗಿ ನೋಡಬೇಕೆಂದು ಬರುವ ಪ್ರವಾಸಿಗರಿಂದಲೇ ನಮ್ಮ ದೇಶದಲ್ಲಿ ಈ ವ್ಯಾಪಾರ ನಡೆಯುವುದು. ಅವರಲ್ಲಿ ಬಹಳ ಮಂದಿಗೆ ಈಜು ಬಾರದು. ಇಂಥವರನ್ನು 12 ಮೀಟರಿಗಿಂತ ಆಳಕ್ಕೆ ಒಯ್ಯಬಾರದು, ಒಬ್ಬ ಶಿಕ್ಷಕನ ಪಾಲಿಗೆ ನಾಲ್ವರಿಗಿಂತ ಹೆಚ್ಚಿರಬಾರದು ಎಂದು ಪ್ಯಾಡಿಯ ಕಟ್ಟಳೆ. ಈಜು ಬಾರದವರನ್ನು ನಾವು ಒಬ್ಬೊಬ್ಬರನ್ನಾಗಿಯೇ ಕೈಹಿಡಿದು ಇಳಿಸುತ್ತೇವೆ. ಕೆಲವು ವರ್ಷಗಳ ಹಿಂದೆ, ಡಿಸೆಂಬರ್ ರಜೆಯಲ್ಲಿ, ಒಂದು ದ್ವೀಪದ ಬಳಿ ಹೀಗೆಯೇ ಕೆಲಸ ನಡೆದಿತ್ತು. ದೋಣಿಯಲ್ಲಿ ಹನ್ನೊಂದು ಮಂದಿ ಕಾಯುತ್ತಿದ್ದರು. ಐವತ್ತೈದರ ಪ್ರಾಯದ ಗೃಹಸ್ಥರೊಬ್ಬರು, ಜೊತೆಗೆ ಬೆಳೆದ ಮಗಳು. ಆರೋಗ್ಯದ ಪತ್ರದಲ್ಲಿ ಎಲ್ಲ ಪ್ರಶ್ನೆಗೂ ‘ಇಲ್ಲ’ ಎಂದು ಬರೆದು ಸಹಿ ಹಾಕಿದ್ದರು. ಬಹಳ ನಗುತ್ತಿದ್ದರು. ಅಂಗಿಯ ಬಕಲು ಹಾಕಿಕೊಳ್ಳುವಾಗ ಅವರ ಬೆರಳುಗಳು ನಡುಗುತ್ತಿದ್ದವು. ಅದನ್ನು ನಾವು ನೋಡಿದೆವು. ನೋಡಿಯೂ ಇಳಿಸಿದೆವು, ಏಕೆಂದರೆ ಹಿಂದೆ ಹನ್ನೊಂದು ಮಂದಿಯಿದ್ದರು, ಮಾಲೀಕರು ಗಡಿಯಾರ ನೋಡುತ್ತಿದ್ದರು.

ಐದು ಮೀಟರಿನಲ್ಲಿ ಅವರ ಮುಖವಾಡದೊಳಕ್ಕೆ ಸ್ವಲ್ಪ ನೀರು ಬಂದಿತು. ಅಷ್ಟೆ. ಬಾಯಲ್ಲಿದ್ದುದನ್ನು ಕಿತ್ತೆಸೆದು ಮೇಲಕ್ಕೆ ಚಿಮ್ಮಲು ಕಾಲು ಬಡಿದರು. ಅಂಗಿಯ ಪಟ್ಟಿಯನ್ನು ಬಿಗಿಯಾಗಿ ಹಿಡಿದು, ನಮ್ಮ ಎರಡನೆಯ ಬಾಯಿಕೊಳವೆಯನ್ನು ಅವರ ಬಾಯಿಗೆ ತುರುಕಿ, ಗುಂಡಿ ಒತ್ತಿ ಗಾಳಿ ಹೊಡೆದು, ಅವರು ಉಸಿರು ಬಿಡುತ್ತಿರುವುದನ್ನು ಗುಳ್ಳೆಗಳಲ್ಲಿ ನೋಡುತ್ತ ಮೆಲ್ಲಗೆ ಮೇಲಕ್ಕೆ ತಂದೆವು. ಅರ್ಧ ನಿಮಿಷದ ಕೆಲಸ. ದೋಣಿಗೆ ಬಂದು ಕೆಮ್ಮಿ, ನೀರು ಕುಡಿದು ಸುಧಾರಿಸಿಕೊಂಡರು. ಆಗ ಮಗಳು ಅಳುತ್ತ ಹೇಳಿದಳು: ಎದೆಯ ರಕ್ತನಾಳಕ್ಕೆ ಸ್ಟೆಂಟ್ ಹಾಕಿಸಿಕೊಂಡು ಇನ್ನೂ ವರ್ಷವಾಗಿರಲಿಲ್ಲ. ‘ಹೌದು’ ಎಂದು ಬರೆದರೆ ಇಳಿಸುವುದಿಲ್ಲ, ಮಗಳ ಆಸೆ ಕೆಡುತ್ತದೆ ಎಂದು ‘ಇಲ್ಲ’ ಎಂದು ಬರೆದರಂತೆ. ಅವರು ಸುಖವಾಗಿ ಊರಿಗೆ ಹೋದರು. ಮಾಲೀಕರು “ಏನೂ ಆಗಲಿಲ್ಲವಲ್ಲ, ಮುಂದಿನವರನ್ನು ಇಳಿಸಿ” ಎಂದರು. ಇಳಿಸಿದೆವು.

ಆ ರಾತ್ರಿ ನಿದ್ದೆ ಬರಲಿಲ್ಲ. ಕಾಗದದ ಮೇಲೆ ಅವರ ಸಹಿಯಿತ್ತು. ಯಾರು ಕೇಳಿದರೂ ನಮ್ಮ ತಪ್ಪಿಲ್ಲವೆಂದು ತೋರಿಸಬಹುದಾಗಿತ್ತು. ಆದರೆ ಆ ಬೆರಳುಗಳನ್ನು ನೋಡಿದ್ದವರು ನಾವು. ಮರುದಿನ ಇಬ್ಬರಿಗೆ “ಇಂದು ಬೇಡ” ಎಂದೆವು. ಅವರಲ್ಲೊಬ್ಬರು ಬಹಳ ಬೈದರು, ಇನ್ನೂ ಬೈಯುತ್ತಿರಬಹುದು. ಅದರ ಮರುದಿನ ಮತ್ತೊಬ್ಬರಿಗೆ ಹೇಳಿದೆವು. ವಾರ ಕಳೆಯುವುದರೊಳಗೆ ನಮ್ಮ ಅಗತ್ಯವಿಲ್ಲವೆಂದು ಮಾಲೀಕರು ತಿಳಿಸಿದರು. ಉಳಿದ ನಾಲ್ಕು ತಿಂಗಳ ಸಂಬಳ ಹೋಯಿತು. ಬಿಡಿಸಿ ತರಬೇಕಾಗಿದ್ದ ಬಳೆಗಳು ಇನ್ನೊಂದು ವರ್ಷ ಅಲ್ಲಿಯೇ ಉಳಿದವು.

ನಮ್ಮ ಕಸುಬಿನ ಇಕ್ಕಟ್ಟು ಇದರಲ್ಲಿದೆ. ಶಿಕ್ಷಕನಿಗೆ ತಿಂಗಳಿಗೆ ಸಿಗುವ ಸಂಬಳ ಕಡಿಮೆ. ಅದರ ಮೇಲೆ ತಲೆಗೆ ಇಷ್ಟು ಎಂದು ಸೇರಿಸಿ ಕೊಡುತ್ತಾರೆ. ಇಳಿಸಿದರೆ ಕಾಸು, ಇಳಿಸದಿದ್ದರೆ ಇಲ್ಲ. ‘ಬೇಡ’ ಎನ್ನುವುದಕ್ಕೆ ಯಾರೂ ಸಂಬಳ ಕೊಡುವುದಿಲ್ಲ, ಆದರೆ ಆ ಮಾತನ್ನು ಆಡುವುದಕ್ಕಾಗಿಯೇ ಶಿಕ್ಷಕನಿರುವುದು. ಈಜು, ಪರೀಕ್ಷೆ, ನೂರು ಡೈವ್ ಇವೆಲ್ಲವನ್ನೂ ಹಣ ಕೊಟ್ಟು ಕಲಿಯಬಹುದು. ಹನ್ನೊಂದು ಮಂದಿ ಕಾಯುತ್ತಿರುವಾಗ ಹನ್ನೆರಡನೆಯವನಿಗೆ “ಇಂದು ಬೇಡ ಸ್ವಾಮಿ” ಎನ್ನುವ ಗಟ್ಟಿತನ ಹುಡುಗನಲ್ಲಿದೆಯೇ ಎಂಬುದನ್ನು ಮನೆಯವರು ನೋಡಬೇಕು. ಅದಕ್ಕಿಂತ ಹೆಚ್ಚಾಗಿ, ಹಾಗೆಂದು ಕೆಲಸ ಕಳೆದುಕೊಂಡು ಬಂದ ಮಗನಿಗೆ ನಾಲ್ಕು ತಿಂಗಳು ಅನ್ನ ಹಾಕುವ ಗಟ್ಟಿತನ ತಮ್ಮಲ್ಲಿದೆಯೇ ಎಂದೂ ನೋಡಿಕೊಳ್ಳಬೇಕು. ಸಾಲ ಮಾಡಿ ಕಲಿತವನಿಗೆ ‘ಬೇಡ’ ಎನ್ನುವ ನಾಲಿಗೆ ಏಳುವುದಿಲ್ಲ. ಸಾಲ ಮಾಡಿ ಕಲಿಯಬೇಡಿರೆಂದು ನಾವು ಒತ್ತಿ ಹೇಳುವುದು ಇದಕ್ಕೇ.

ಕೆಲಸ ಎಲ್ಲಿ ಸಿಗುತ್ತದೆ ಎಂಬುದನ್ನು ಬೇಗ ಹೇಳಿಬಿಡುತ್ತೇವೆ. ಅಂಡಮಾನಿನ ಸ್ವರಾಜ್ ದ್ವೀಪ, 2018ರವರೆಗೆ ಹ್ಯಾವ್‌ಲಾಕ್ ಎಂದು ಕರೆಯುತ್ತಿದ್ದದ್ದು, ಇದರ ದೊಡ್ಡ ನೆಲೆ. ಲಕ್ಷದ್ವೀಪದ ಕಡಮತ್, ಬಂಗಾರಂ, ಗೋವೆ, ಪುದುಚೇರಿ, ಮಾಲವಣದ ಬಳಿಯ ತಾರಕರ್ಲಿ. ಕರ್ನಾಟಕಕ್ಕೆ ಇರುವುದು ಮುರುಡೇಶ್ವರದ ಎದುರಿನ ನೇತ್ರಾಣಿ. ದಡದಿಂದ ಸುಮಾರು 19 ಕಿಲೋಮೀಟರು, ದೋಣಿಯಲ್ಲಿ ಒಂದೂವರೆ ಗಂಟೆ. ಪುನೀತ್ ರಾಜ್‌ಕುಮಾರರ ‘ಗಂಧದ ಗುಡಿ’ 2022ರಲ್ಲಿ ತೆರೆಗೆ ಬಂದಾಗ ಆ ನೀರಿನ ಕೆಳಗಣ ಲೋಕವನ್ನು ಅನೇಕ ಕನ್ನಡಿಗರು ಮೊದಲ ಸಲ ನೋಡಿದರು. ಅಲ್ಲಿ ಬೆಂಗಳೂರಿನಿಂದ, ಹುಬ್ಬಳ್ಳಿಯಿಂದ ಬಂದವರಿಗೆ “ಉಸಿರು ಹಿಡಿಯಬೇಡ್ರಿ, ನಿಧಾನಕ್ಕ ಬಿಡ್ರಿ” ಎಂದು ಅವರವರ ಕನ್ನಡದಲ್ಲಿಯೇ ಹೇಳಿದರೆ ಅರ್ಧ ಹೆದರಿಕೆ ದೋಣಿಯಲ್ಲಿಯೇ ಇಳಿಯುತ್ತದೆ. ಹಿಂದಿ, ಇಂಗ್ಲಿಷಿನ ಜೊತೆಗೆ ಎರಡು ದಕ್ಷಿಣ ಭಾಷೆ ಬಲ್ಲ ಶಿಕ್ಷಕನನ್ನು ಯಾವ ಮಾಲೀಕನೂ ಸುಲಭವಾಗಿ ಬಿಡುವುದಿಲ್ಲ. ಮುಂಬಯಿಯ ಮಕ್ಕಳಿಗೆ ಭಾಷೆಗಳ ಬಂಡವಾಳ ಹುಟ್ಟಿನಿಂದಲೇ ಬಂದಿದೆ, ಖರ್ಚಿಲ್ಲದೆ.

ಮಳೆಗಾಲದಲ್ಲಿ ಏನು ಮಾಡಬೇಕು? ಕೆಲವರು ಮಾಲ್ದೀವ್ಸ್‌ಗೆ, ಥಾಯ್ಲೆಂಡಿಗೆ ಹೋಗುತ್ತಾರೆ. ಕೆಲಸದ ಪರವಾನಗಿಯ ಕಾಗದ ಸರಿಯಿಲ್ಲದೆ ಹೋಗಬಾರದು. ನಮ್ಮಲ್ಲೊಬ್ಬರು ರೆಗ್ಯುಲೇಟರು ಬಿಚ್ಚಿ ರಿಪೇರಿ ಮಾಡುವುದನ್ನು ಕಲಿತರು, ಅದೇ ಈಗ ಅವರ ಮಳೆಗಾಲದ ಅನ್ನ. ಇನ್ನೊಬ್ಬರು ಈಜುಕೊಳದಲ್ಲಿ ಪಾಠ ಹೇಳುತ್ತಾರೆ. ಸೋದರಿಯವರು ಹವಳದ ಸಮೀಕ್ಷೆ ನಡೆಸುವ ವಿಜ್ಞಾನಿಗಳ ಜೊತೆ ಅಳತೆಯ ಪಟ್ಟಿ ಹಿಡಿದು ಮುಳುಗಿ, ಬಂದ ಲೆಕ್ಕವನ್ನು ಮಳೆಗಾಲದಲ್ಲಿ ಬರೆಯುತ್ತಾರೆ. ಹೆಣ್ಣುಮಕ್ಕಳು ಈ ಕಸುಬಿಗೆ ಬರಬಹುದೆ ಎಂದು ಕೇಳುವವರಿಗೆ ಅವರ ಉತ್ತರ: “ಮುಸುಕು ಹಾಕಿಕೊಂಡು ಬಂದ ಅಜ್ಜಿಯೊಬ್ಬರು ಗಂಡಸರ ಕೈ ಹಿಡಿಯುವುದಿಲ್ಲವೆಂದು ದೋಣಿಯಲ್ಲಿ ಕೂತುಬಿಟ್ಟರು. ನಾನು ಕೈ ನೀಡಿದೆ, ಎದ್ದು ಬಂದರು.” ಇದರ ಮೇಲೆ ನಾವು ಹೇಳಬೇಕಾದದ್ದಿಲ್ಲ.

ಇದೆಲ್ಲ ಶ್ರೀಮಂತರ ವಿನೋದವಲ್ಲವೆ ಎಂದು ಅಧ್ಯಕ್ಷರು ಮೊದಲೇ ಕೇಳಿದ್ದರು. ಬಹುಪಾಲು ಹೌದು. ಆದರೆ 1980ರ ದಶಕದಲ್ಲಿ ಗುಜರಾತಿನ ದ್ವಾರಕೆಯ ಕಡಲಿನಲ್ಲಿ ಶೋಧನೆ ನಡೆಸಿದ ಎಸ್. ಆರ್. ರಾವ್ ನಮ್ಮ ಕನ್ನಡಿಗರು. ಮಣ್ಣಿನಲ್ಲಿ ಲೋಥಲ್ ಅಗೆದ ಅವರು ಅರವತ್ತರ ಸುಮಾರಿಗೆ ನೀರಿನ ಕಡೆಗೆ ತಿರುಗಿ, ಗೋವೆಯ ರಾಷ್ಟ್ರೀಯ ಸಮುದ್ರವಿಜ್ಞಾನ ಸಂಸ್ಥೆಯ ಮುಳುಗುಗಾರರನ್ನು ಕಟ್ಟಿಕೊಂಡು ಭಾರತದಲ್ಲಿ ಕಡಲೊಳಗಣ ಪುರಾತತ್ತ್ವಕ್ಕೆ ಅಡಿಪಾಯ ಹಾಕಿದರು. ಅಲ್ಲಿ ಕಲ್ಲಿನ ಲಂಗರುಗಳನ್ನು ಕಂಡು ಅಳತೆ ತೆಗೆದ ಕೈಗಳಿಗೂ ಎಲ್ಲಿಯೋ ಒಬ್ಬ ಮೇಷ್ಟರು ಉಸಿರಾಡುವುದನ್ನು ಹೇಳಿಕೊಟ್ಟಿದ್ದನಲ್ಲವೆ?

ಇನ್ನು ಆ ಹುಡುಗನಿಗೆ. ರಾಜೀನಾಮೆ ಈಗಲೇ ಕೊಡಬೇಡ. ಹತ್ತು ದಿನ ರಜೆ ಹಾಕಿ ಮೊದಲ ಮೆಟ್ಟಿಲು ಹತ್ತು. ಮರಳುವಾಗ ವಿಮಾನವಾದರೆ, ಒಂದೇ ಸಲ ಮುಳುಗಿದ್ದರೆ ಹನ್ನೆರಡು ಗಂಟೆ, ಹಲವು ಸಲವಾಗಿದ್ದರೆ ಹದಿನೆಂಟು ಗಂಟೆ ಕಳೆಯದೆ ಹತ್ತಬೇಡ. ರಕ್ತದಲ್ಲಿ ಕರಗಿದ ಸಾರಜನಕ ಸೋಡಾ ಬಾಟಲಿಯಲ್ಲಿ ಎದ್ದಂತೆ ಗುಳ್ಳೆಯಾಗಿ ಏಳಬಹುದು. ಬೇರೆ ಬೇರೆ ಸಮುದ್ರಗಳಲ್ಲಿ ಮುಳುಗು. ನೂರಲ್ಲ, ಇನ್ನೂರು ಮುಟ್ಟಲಿ. ಅನಂತರ ಒಂದು ಪೂರ್ತಿ ಋತು ಡೈವ್ ಮಾಸ್ಟರನಾಗಿ ಸಿಲಿಂಡರು ಹೊರು. ಮೇ ತಿಂಗಳ ಕೊನೆಗೂ ನಿನಗೆ ಇದೇ ಬೇಕೆನಿಸಿದರೆ ಶಿಕ್ಷಕರ ತರಗತಿಗೆ ಹಣ ಕಟ್ಟು. ಕೆಲಸಕ್ಕೆ ಸೇರುವ ಮುಂಚೆ ಮಾಲೀಕನಿಗೆ ಎರಡು ಪ್ರಶ್ನೆ ಕೇಳು: ದೋಣಿಯಲ್ಲಿ ಆಮ್ಲಜನಕದ ಪೆಟ್ಟಿಗೆ ಇದೆಯೆ, ಕಳೆದ ವಾರ ಎಷ್ಟು ಮಂದಿಯನ್ನು ಹಿಂದಕ್ಕೆ ಕಳುಹಿಸಿದಿರಿ? ಎರಡನೆಯದಕ್ಕೆ ‘ಯಾರನ್ನೂ ಇಲ್ಲ’ ಎಂದರೆ ಚಹ ಕುಡಿದು ಎದ್ದು ಬಾ.

ತಾಯಿಯವರಿಗೆ ನಾವು ಅಪಾಯವೇ ಇಲ್ಲವೆಂದು ಹೇಳಲಾರೆವು. ಲೋಕಲ್ ರೈಲಿನ ಬಾಗಿಲಲ್ಲಿ ನೇತಾಡುತ್ತ ಬ್ಯಾಂಕಿಗೆ ಹೋಗುವ ಮಗನನ್ನು ಇಷ್ಟು ವರ್ಷ ಕಳುಹಿಸಿದ ತಮಗೆ ಅಪಾಯದ ಪರಿಚಯವಿಲ್ಲವೆಂದಲ್ಲ. ಒಂದು ಮಾತು ಮಾತ್ರ ಉಂಟು. ನಮ್ಮ ಮೂವರ ಮನೆಯಲ್ಲಿಯೂ ತಾಯಂದಿರಿದ್ದಾರೆ. ಮೂವರೂ ಇಂದು ಹಿಂದಿನ ಸಾಲಿನಲ್ಲಿ ಕುಳಿತಿದ್ದಾರೆ. ಸಭೆ ಮುಗಿದ ಮೇಲೆ ತಾವು ನಮ್ಮನ್ನು ಕೇಳುವುದಕ್ಕಿಂತ ಅವರನ್ನು ಕೇಳಿದರೆ ನಿಜ ತಿಳಿದೀತು. ಬಳೆಗಳ ವಿಷಯ ಕೇಳಬೇಕಾದರೆ ನಡುವೆ ಕುಳಿತವರನ್ನು ಕೇಳಿರಿ.

ಅಕ್ಟೋಬರಿನಲ್ಲಿ ಕಡಲು ತಿಳಿಯಾದ ಮೇಲೆ ನಾವು ಹೊರಡುತ್ತೇವೆ. ಅಲ್ಲಿಯವರೆಗೆ ಭಾನುವಾರ ಬೆಳಿಗ್ಗೆ ಹತ್ತಕ್ಕೆ ಇಲ್ಲಿಯೇ, ಪತ್ರಿಕೆಗಳ ಮೇಜಿನ ಬಳಿ ಇರುತ್ತೇವೆ. ಕಲಿಯಬೇಕೆನ್ನುವವರು ಬರಬಹುದು. ಬರುವಾಗ ಕಿವಿಯ ವೈದ್ಯರಿಗೆ ಒಮ್ಮೆ ಕಿವಿ ತೋರಿಸಿ, ಅವರ ಚೀಟಿ ತನ್ನಿರಿ.